ಕಿವಿಗೆ ಕೂತರೆ ಕಚೇರಿ, ಕೂರದಿದ್ದರೆ ಕಿರಿಕಿರಿ

ಬಳೆಗಾರನು ಕೈ ಹಿಡಿದು ಅಳತೆ ನೋಡದೆ ಬಳೆ ತೊಡಿಸುವುದಿಲ್ಲ. ಜೋಡಿನ ಅಂಗಡಿಯವನು ಕಾಲಿಗೆ ಹಾಕಿಸಿ ನಾಲ್ಕು ಹೆಜ್ಜೆ ನಡೆಸಿದ ಮೇಲೆಯೇ ಬೆಲೆ ಹೇಳುತ್ತಾನೆ. ಕನ್ನಡಕವಂತೂ ಕತ್ತಲೆಯ ಕೋಣೆಯಲ್ಲಿ ಕೂರಿಸಿ, ಗಾಜಿನ ಮೇಲೆ ಗಾಜು ಬದಲಾಯಿಸಿ, ‘ಈಗ ಹೇಗೆ? ಈಗ?’ ಎಂದು ಹತ್ತು ಸಲ ಕೇಳಿಸಿಕೊಂಡು ಪಡೆಯಬೇಕಾದ ವಸ್ತು. ಆದರೆ ಮನೆಮನೆಯ ಮಕ್ಕಳೂ, ಮಕ್ಕಳ ತಂದೆತಾಯಿಗಳೂ, ಈಚೆಗೆ ಅಜ್ಜ ಅಜ್ಜಿಯರೂ ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನಿಗೆ ಮಾತ್ರ ಅಳತೆಯ ಮಾತೇ ಇಲ್ಲ. ಪೆಟ್ಟಿಗೆ ಬಿಚ್ಚಿದ್ದಾಯಿತು, ಕಿವಿಗೆ ತುರುಕಿದ್ದಾಯಿತು. ಅದರ ಜೊತೆಯಲ್ಲಿಯೇ ಬಂದ ಚಿಕ್ಕದೂ ದೊಡ್ಡದೂ ಆದ ರಬ್ಬರಿನ ಕುಲಾವಿಗಳು—ಅಂಗಡಿಯವರು ಅವನ್ನು ‘ಇಯರ್ ಟಿಪ್’ ಎನ್ನುತ್ತಾರೆ—ಪೆಟ್ಟಿಗೆಯಲ್ಲೇ ಉಳಿದು, ಮುಂದೊಂದು ದಿನ ಮನೆ ಗುಡಿಸುವಾಗ ಕಸದ ಮೊರವನ್ನು ಸೇರುತ್ತವೆ.

ಈ ವಾರದ ನಮ್ಮ ವಕಾಲತ್ತು ಆ ಕುಲಾವಿಗಳ ಪರವಾಗಿ.

ಸಕಲೇಶಪುರದ ಕಡೆಯಿಂದಲೂ ಆಲೂರಿನ ಕಡೆಯಿಂದಲೂ ನಿತ್ಯ ಬಸ್ಸು ಹಿಡಿದು ಕಾಲೇಜಿಗೆ ಬರುವ ಹುಡುಗರಲ್ಲಿ ಇಬ್ಬರು ಗೆಳೆಯರ ವ್ಯಾಜ್ಯವೊಂದು ಹೋದ ತಿಂಗಳು ನಮ್ಮ ಮುಂದೆ ಬಂದಿತು. ಇಬ್ಬರೂ ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಬೆಲೆ ಕೊಟ್ಟು, ಒಂದೇ ಬಗೆಯ ಇಯರ್‌ಫೋನುಗಳನ್ನು ಕೊಂಡಿದ್ದರು. ಒಬ್ಬನಿಗೆ ಮೃದಂಗದ ನುಡಿ ಎದೆಗೆ ತಾಕುವಂತೆ ಕೇಳುತ್ತಿತ್ತು. ಇನ್ನೊಬ್ಬನಿಗೆ ಅದೇ ಮೃದಂಗ ತಗಡಿನ ಡಬ್ಬ ಬಡಿದಂತೆ. ತನಗೆ ಕೆಟ್ಟ ಮಾಲು ಬಂದಿದೆಯೆಂದು ಎರಡನೆಯವನ ದೂರು. ಅದಲುಬದಲು ಮಾಡಿಕೊಂಡು ನೋಡಿದರು. ಮೊದಲನೆಯವನಿಗೆ ‘ಕೆಟ್ಟ ಮಾಲೂ’ ಸೊಗಸಾಗಿಯೇ ಕೇಳಿತು. ಎರಡನೆಯವನಿಗೆ ‘ಒಳ್ಳೆಯ ಮಾಲೂ’ ಡಬ್ಬವೇ ಆಯಿತು. ದೋಷ ಯಂತ್ರದ್ದಲ್ಲವೆಂದು ಅಲ್ಲಿಗೆ ಇತ್ಯರ್ಥವಾಯಿತು. ಹುಡುಗನ ಕಿವಿಯಲ್ಲೂ ಯಾವ ಊನವೂ ಇರಲಿಲ್ಲ. ಯಂತ್ರಕ್ಕೂ ಕಿವಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದಿತ್ತು; ನಾದವೆಲ್ಲ ಸೋರಿಹೋಗುತ್ತಿದ್ದುದು ಅಲ್ಲಿಂದ.

ಅಷ್ಟು ಸಣ್ಣ ಸಂದು ಅಷ್ಟು ದೊಡ್ಡ ಹಾನಿಯನ್ನು ಹೇಗೆ ಮಾಡೀತು ಎಂದು ವಾಚಕರು ಕೇಳುವುದು ಸಹಜ. ಇದಕ್ಕೆ ಮೊದಲು ಕಿವಿಯ ಒಳದಾರಿಯನ್ನು ಸ್ವಲ್ಪ ನೋಡಬೇಕು. ಹೊರಗಿನ ಹಾಲೆಯಿಂದ ಒಳಗಿನ ತಮಟೆಯವರೆಗೆ ಇರುವ ನಾಳದ ಉದ್ದ ಸುಮಾರು 25 ಮಿಲಿಮೀಟರು. ಅಗಲ ಸುಮಾರು 7 ಮಿಲಿಮೀಟರು. ಅದು ಬಿದಿರಿನ ಕೊಳವೆಯಂತೆ ನೇರವಾಗಿಲ್ಲ. ಶಿರಾಡಿ ಘಾಟಿಯ ರಸ್ತೆಯ ಹಾಗೆ ಒಮ್ಮೆ ಅತ್ತ, ಒಮ್ಮೆ ಇತ್ತ ಬಾಗಿದೆ. ದುಂಡಗೂ ಇಲ್ಲ, ಅಂಡಾಕಾರ. ಒಬ್ಬರದು ಇನ್ನೊಬ್ಬರದರ ಹಾಗಿರುವುದಿಲ್ಲ. ಅಷ್ಟೇಕೆ, ಒಬ್ಬರದೇ ಎಡಗಿವಿ ಬಲಗಿವಿಗಳೂ ಎಷ್ಟೋ ವೇಳೆ ಒಂದೇ ಅಳತೆಯವಲ್ಲ. ಇಂಥ ಬಾಗಿಲಿಗೆ ಕಾರ್ಖಾನೆಯವರು ಲಕ್ಷಗಟ್ಟಲೆ ಜನಕ್ಕೆ ಒಂದೇ ಅಚ್ಚಿನಲ್ಲಿ ಎರೆದ ಬೆಣೆ ಕೊಡುತ್ತಾರೆ. ಕೆಲವರಿಗೆ ಹೊಂದುತ್ತದೆ, ಹಲವರಿಗೆ ಹೊಂದುವುದಿಲ್ಲ.

ಇನ್ನು ನಾದದ ವಿಚಾರ. ಇಯರ್‌ಫೋನಿನ ಒಳಗೆ ಅದುರುವ ತೆಳುಪರೆಯ ಅಗಲ ಸಾಮಾನ್ಯವಾಗಿ ಒಂದು ಸೆಂಟಿಮೀಟರಿಗಿಂತ ಹೆಚ್ಚಿಲ್ಲ. ತೆರೆದ ಗಾಳಿಯಲ್ಲಿ ಅದು ಎಷ್ಟು ಅದುರಿದರೂ ತಗ್ಗಿನ ನಾದ ಹುಟ್ಟುವುದಿಲ್ಲ; ಅದಕ್ಕೆ ಜಾತ್ರೆಯ ಪೆಂಡಾಲಿನಲ್ಲಿ ಇಡುವಂಥ ಮೊರದಗಲದ ಸ್ಪೀಕರು ಬೇಕು. ಕಿವಿಯೊಳಗೆ ಮಾತ್ರ ಇಷ್ಟು ಚಿಕ್ಕ ಪರೆಯಿಂದ ಮಂದ್ರಸ್ವರ ಕೇಳಿಬರಲು ಒಂದೇ ಕಾರಣ: ಪರೆಗೂ ತಮಟೆಗೂ ನಡುವೆ ಇರುವ ಗಾಳಿ ಹಿಡಿಯಷ್ಟೂ ಅಲ್ಲ, ಚಿಟಿಕೆಯಷ್ಟು, ಮತ್ತು ಅದು ಸುತ್ತಲೂ ಮುಚ್ಚಿದೆ. ಮುಚ್ಚಿದ ಚಿಟಿಕೆ ಗಾಳಿಯನ್ನು ಪರೆ ಒತ್ತಿದರೆ ಆ ಒತ್ತಡ ಬೇರೆಲ್ಲೂ ಹೋಗಲಾರದೆ ತಮಟೆಯನ್ನೇ ಮುಟ್ಟುತ್ತದೆ.

ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ಇದಕ್ಕೆ ತಕ್ಕ ನಿದರ್ಶನ. ಪಂಪಿನ ವಾಷರು ಸವೆದಿದ್ದಾಗ ಹಿಡಿಯನ್ನು ನಿಧಾನವಾಗಿ ಒತ್ತಿ ನೋಡಿ: ಗಾಳಿ ಪಕ್ಕದಿಂದ ನುಸುಳಿ ಹೋಗುತ್ತದೆ, ಟ್ಯೂಬಿಗೆ ಏನೂ ಸೇರದು. ಥಟ್ಟನೆ ಬಲವಾಗಿ ಒತ್ತಿ ನೋಡಿ: ನುಸುಳಲು ಪುರುಸೊತ್ತಿಲ್ಲದ ಗಾಳಿ ಟ್ಯೂಬಿಗೇ ನುಗ್ಗುತ್ತದೆ. ಕಿವಿಯಲ್ಲಿ ನಡೆಯುವುದೂ ಇದೇ. ಮಂದ್ರಸ್ವರವೆಂದರೆ ಗಾಳಿಯನ್ನು ನಿಧಾನವಾಗಿ ಒತ್ತುವ ಅಲೆ. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಗೆ ಕೂಡಿಸಿದ ಗಂಡುಧ್ವನಿಯ ತಂಬೂರಿಯ ಮಂದ್ರ ಷಡ್ಜ ಸೆಕೆಂಡಿಗೆ ಸುಮಾರು 65 ಸಲ ಮಾತ್ರ ಅದುರುತ್ತದೆ. ಸಂದಿದ್ದರೆ ಅದಕ್ಕೆ ಸೋರಿಹೋಗಲು ಬೇಕಾದಷ್ಟು ಕಾಲಾವಕಾಶ. ತಾಳದ ಕಿಣಿಕಿಣಿಯೂ ‘ಸ’ ‘ಶ’ಗಳ ಸೀಳುದನಿಯೂ ಸೆಕೆಂಡಿಗೆ ಸಾವಿರಗಟ್ಟಲೆ ಸಲ ಅದುರುವಂಥವು, ಅವು ಸೋರುವ ಮೊದಲೇ ತಮಟೆಯನ್ನು ಮುಟ್ಟಿಬಿಡುತ್ತವೆ. ಹೀಗೆ ಸಂದು ತಗ್ಗಿನ ನಾದವನ್ನೇ ಆರಿಸಿ ಕದಿಯುತ್ತದೆ. ಕಳವಿನ ಪ್ರಮಾಣವೂ ಅಲ್ಪವಲ್ಲ. ಹತ್ತು ಇಪ್ಪತ್ತು ಡೆಸಿಬೆಲ್ಲು ಇಳಿಯುವುದು ಸಾಮಾನ್ಯ. ಹತ್ತು ಡೆಸಿಬೆಲ್ಲೆಂದರೆ ಶಬ್ದದ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ, ಇಪ್ಪತ್ತೆಂದರೆ ನೂರರಲ್ಲಿ ಒಂದು ಪಾಲಿಗೆ ಇಳಿದಂತೆ.

ಮೃದಂಗ ವಿದ್ವಾಂಸರು ಕಚೇರಿಗೆ ಮುಂಚೆ ಎಡಮುಖಕ್ಕೆ ರವೆಯ ಮುದ್ದೆಯನ್ನು ಮೆತ್ತಿ, ಬಡಿದು ನೋಡಿ, ಇನ್ನಷ್ಟು ಮೆತ್ತಿ, ಅದರ ದನಿಯನ್ನು ಬೇಕಾದಷ್ಟು ತಗ್ಗಿಸಿಕೊಳ್ಳುವುದನ್ನು ನೀವು ನೋಡಿರಬಹುದು. ಬಲಮುಖದ ಕರಿಯ ಕರಣೆ ನಾದವನ್ನು ಶ್ರುತಿಬದ್ಧಗೊಳಿಸುವ ಬಗೆಯನ್ನು ಸರ್ ಸಿ. ವಿ. ರಾಮನ್ನರು 1920ರಲ್ಲಿ ಒಮ್ಮೆ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೊಮ್ಮೆ, ಪ್ರಬಂಧ ಬರೆದು ಜಗತ್ತಿಗೆ ತಿಳಿಸಿದರು. ವಿದ್ವಾಂಸರ ಅಷ್ಟೆಲ್ಲ ಶ್ರಮ ನಮ್ಮ ಕಿವಿಯ ಬಾಗಿಲವರೆಗೆ ಕ್ಷೇಮವಾಗಿ ಬಂದು, ಬಾಗಿಲ ಸಂದಿನಲ್ಲಿ ನಷ್ಟವಾಗುವುದು ಎಂಥ ಅನ್ಯಾಯ!

ಇದರಲ್ಲಿ ಇನ್ನೂ ಒಂದು ಮೋಸವುಂಟು. ಹೋದದ್ದು ಹೋಗಿದೆಯೆಂದು ನಮಗೆ ತಿಳಿಯುವುದೇ ಇಲ್ಲ. ಹಳೆಯ ದೂರವಾಣಿ ತಂತಿಯಲ್ಲಿ 300ರಿಂದ 3400 ಕಂಪನಗಳವರೆಗಿನ ಧ್ವನಿ ಮಾತ್ರ ಹರಿಯುತ್ತಿತ್ತು. ಗಂಡಸರ ಕಂಠದ ಮೂಲಸ್ವರ ಅದಕ್ಕಿಂತ ಬಹಳ ಕೆಳಗಿನದು. ಆದರೂ ಊರಿನಿಂದ ಮಾತಾಡುವ ತಂದೆಯ ದನಿಯನ್ನು ನಾವು ತಪ್ಪದೆ ಗುರುತಿಸುತ್ತಿದ್ದೆವು. ಕೆಳಗಿನದು ಕಾಣೆಯಾದರೆ ಮೇಲಿನ ಸ್ವರಗಳ ಆಧಾರದಿಂದ ಮಿದುಳೇ ಅದನ್ನು ಊಹಿಸಿ ತುಂಬಿಕೊಳ್ಳುತ್ತದೆ. ಹಾಡು ಹಾಡಾಗಿಯೇ ಕೇಳುತ್ತದೆ. ಏನೋ ರುಚಿಯಿಲ್ಲ, ಸಪ್ಪೆ, ಅಷ್ಟೆ. ಉಪ್ಪು ಕಡಮೆಯೆಂದು ನಾಲಗೆ ಹೇಳುವಂತೆ ಕಿವಿ ಸ್ಪಷ್ಟವಾಗಿ ಹೇಳುವುದಿಲ್ಲ. ಆದ್ದರಿಂದ ಕೇಳುವವನು ತನಗೆ ತಿಳಿದ ಒಂದೇ ಉಪಾಯವನ್ನು ಮಾಡುತ್ತಾನೆ: ದನಿ ಏರಿಸುತ್ತಾನೆ.

ನಮ್ಮ ಮಾತಿನ ಮುಖ್ಯಾಂಶ ಇಲ್ಲಿಯೇ ಇರುವುದು. ದನಿ ಏರಿಸಿದಾಗ ಸೋರುವ ಮಂದ್ರಸ್ವರ ಸೋರುತ್ತಲೇ ಇರುತ್ತದೆ; ಸೋರದ ತಾರಸ್ವರಗಳು ಮೊದಲೇ ಸಾಕಷ್ಟಿದ್ದವು, ಈಗ ಸಿಡಿಲಾಗುತ್ತವೆ. ಅದೂ ಸಾಲದೆಂಬಂತೆ, ಆ ಸಂದಿನಿಂದಲೇ ಹೊರಗಿನ ಗದ್ದಲ ಒಳಕ್ಕೆ ಬರುತ್ತದೆ. ಬಾಳ್ಳುಪೇಟೆಯನ್ನು ದಾಟಿ ಏರು ಹತ್ತುವ ಬಸ್ಸಿನ ಎಂಜಿನ್ನಿನ ಗುಡುಗನ್ನು ಮೀರಿಸಲು ಹುಡುಗ ಇನ್ನೆರಡು ಮೆಟ್ಟಿಲು ಏರಿಸುತ್ತಾನೆ. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ, ವಾರಕ್ಕೆ ಆರು ದಿನ, ಮೂರು ವರ್ಷ. ವಿಶ್ವ ಆರೋಗ್ಯ ಸಂಸ್ಥೆಯವರ ಲೆಕ್ಕದಂತೆ, ವಯಸ್ಕರು 80 ಡೆಸಿಬೆಲ್ ಮಟ್ಟದ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. ಅದೇ ಶಬ್ದ 90 ಡೆಸಿಬೆಲ್ಲಿಗೆ ಏರಿದರೆ ವಾರಕ್ಕೆ 4 ಗಂಟೆ ಮಾತ್ರ. ಹತ್ತು ಡೆಸಿಬೆಲ್ಲು ಏರಿದರೆ ಕಾಲ ಹತ್ತನೆಯ ಒಂದು ಪಾಲಿಗೆ ಇಳಿಯಿತು. 90ರ ಮಟ್ಟದಲ್ಲಿ ಕೇಳುವ ನಮ್ಮ ಬಸ್ಸಿನ ಹುಡುಗ ತನ್ನ ವಾರದ ಪಡಿತರವನ್ನು ಮಂಗಳವಾರ ಸಂಜೆಗೇ ಮುಗಿಸಿಬಿಟ್ಟಿರುತ್ತಾನೆ.

ಒಳಗಿವಿಯಲ್ಲಿ ನಾದವನ್ನು ಹಿಡಿಯುವ ರೋಮಕೋಶಗಳು ಒಮ್ಮೆ ನಶಿಸಿದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಕೂದಲಿಗೆ ಬಣ್ಣವುಂಟು, ಹಲ್ಲಿಗೆ ಕಟ್ಟುಹಲ್ಲುಂಟು, ಇದಕ್ಕೆ ಬದಲಿಲ್ಲ. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆಯನ್ನು ನಾವು ಪರರ ವಿಷಯವಾಗಿ ಬಳಸುತ್ತೇವೆ. ಕಿನ್ನರಿಯನ್ನು ಕೇಳಿ ಕೇಳಿಯೇ ಕಿವುಡಾಗುವ ಸೌಭಾಗ್ಯ ಗಾದೆ ಮಾಡಿದ ಹಿರಿಯರ ಊಹೆಗೆ ನಿಲುಕಿರಲಾರದು.

ಸಂದಿನ ಮಾತು ಹೊಸದೇನೂ ಅಲ್ಲ. ಮನೆಯಲ್ಲಿ ಶ್ರವಣಯಂತ್ರ ಹಾಕಿಕೊಳ್ಳುವ ಹಿರಿಯರಿದ್ದರೆ, ಅವರು ಊಟಕ್ಕೆ ಕೂತಾಗ ಯಂತ್ರ ‘ಕುಂಯ್’ ಎನ್ನುವುದನ್ನು ಕೇಳಿರುತ್ತೀರಿ. ಕಿವಿಯ ಅಚ್ಚು ಸಡಿಲವಾದಾಗ ಒಳಗಿನ ಹಿಗ್ಗಿಸಿದ ಧ್ವನಿ ಸಂದಿನಿಂದ ಹೊರಬಿದ್ದು, ಯಂತ್ರದ ಮೈಕಿಗೇ ಮತ್ತೆ ಹೊಕ್ಕು, ಹೀಗೆ ಸುತ್ತಿ ಸುತ್ತಿ ಶಿಳ್ಳೆಯಾಗುತ್ತದೆ. ಅಗಿಯುವಾಗಲೇ ಏಕೆಂದರೆ, ದವಡೆಯ ಕೀಲು ಕಿವಿಯ ನಾಳಕ್ಕೆ ಒತ್ತಿಕೊಂಡೇ ಇದೆ. ಬಾಯಾಡಿದಾಗ ನಾಳದ ಆಕಾರವೂ ಬದಲಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆಗಳಲ್ಲಿ ರೋಗಿಯ ಕಿವಿಗೆ ಮೆತ್ತನೆಯ ದ್ರವ್ಯವನ್ನು ತುಂಬಿ, ಅದು ಗಟ್ಟಿಯಾದ ಮೇಲೆ ತೆಗೆದು, ಅದೇ ಆಕಾರಕ್ಕೆ ಅಚ್ಚು ಮಾಡಿಕೊಡುತ್ತಾರೆ. ಕಿವುಡಿನ ವೈದ್ಯದಲ್ಲಿ ಅಳತೆಯೇ ಅರ್ಧ ಚಿಕಿತ್ಸೆ ಎಂದು ಅವರು ಬಲ್ಲರು. ಕಿವುಡಿಲ್ಲದ ನಾವು ಮಾತ್ರ ಅಳತೆಯನ್ನು ಲೆಕ್ಕಿಸುವುದಿಲ್ಲ.

ಮುಚ್ಚಿದರೆ ಸಾಲದು, ಎಷ್ಟು ಆಳಕ್ಕೆ ಕೂತಿದೆ ಎಂಬುದೂ ಮುಖ್ಯ. ನಲ್ಲಿಯ ಕೆಳಗೆ ಬಿಂದಿಗೆಯಿಟ್ಟು ನೀರು ತುಂಬಿಸುವಾಗ, ನೀರು ಮೇಲೇರಿದಂತೆ ಸದ್ದಿನ ಸ್ವರವೂ ಮೇಲೇರುವುದನ್ನು ಯಾವ ಗೃಹಿಣಿಯಾದರೂ ಬಲ್ಲಳು. ನೋಡದೆಯೇ ಬಿಂದಿಗೆ ತುಂಬಿತೆಂದು ಹೇಳುವುದು ಆ ಸ್ವರದಿಂದಲೇ. ಒಳಗಿನ ಗಾಳಿಯ ಕಂಬ ಮೊಟಕಾದಷ್ಟೂ ಅದರ ಸ್ವರ ಹೆಚ್ಚು. ಇಯರ್‌ಫೋನು ಮೇಲೆ ಮೇಲೆ ಕೂತರೆ ಒಳಗಿನ ಗಾಳಿಯ ಕಂಬ ಉದ್ದವಾಗಿ, ಅದು ಅನುರಣಿಸುವ ಸ್ವರ ಕೆಳಗಿಳಿದು, ಹಾಡುಗಾರರ ‘ಸ’ಕಾರ ‘ಷ’ಕಾರಗಳು ಕಿವಿಗೆ ಚುಚ್ಚಬಹುದು, ತುಸು ಒಳಗೆ ಸರಿದರೆ ಆ ಅನುರಣನ ಮೇಲೆ ಸರಿದು ಚುಚ್ಚು ತಗ್ಗಬಹುದು. ಎರಡು ಮಿಲಿಮೀಟರಿನ ವ್ಯತ್ಯಾಸದಿಂದ ಗಾಯಕಿಯ ಕಂಠವೇ ಬೇರೆಯೆನಿಸುವುದಕ್ಕೆ ಇದು ಕಾರಣ. ಇನ್ನು ಒಂದು ಕಿವಿ ಮುಚ್ಚಿ ಇನ್ನೊಂದು ಸೋರಿದರಂತೂ, ನಡುವೆ ಕೂರಬೇಕಾದ ಗಾಯಕರು ಜಮಖಾನದ ಒಂದು ಮೂಲೆಗೆ ಸರಿದುಬಿಡುತ್ತಾರೆ.

ಹಾಗಾದರೆ ಮಾಡಬೇಕಾದದ್ದೇನು? ಖರ್ಚಿಲ್ಲದ ಕೆಲವು ಪರೀಕ್ಷೆಗಳನ್ನು ಹೇಳುತ್ತೇವೆ. ಕಸದ ಮೊರಕ್ಕೆ ಹೋಗಲಿದ್ದ ಕುಲಾವಿಗಳನ್ನು ಮೊದಲು ಹೊರಗೆ ತೆಗೆಯಿರಿ. ಎಡಗಿವಿಗೆ ಬಲಗೈಯನ್ನು ತಲೆಯ ಹಿಂದಿನಿಂದ ತಂದು, ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲನೆ ಎಳೆಯಿರಿ. ಬಾಗಿದ ನಾಳ ಆಗ ನೇರವಾಗುತ್ತದೆ. ಇಯರ್‌ಫೋನನ್ನು ತುಸು ತಿರುಗಿಸುತ್ತ ಕೂರಿಸಿ ಹಾಲೆಯನ್ನು ಬಿಡಿ. ಬಲಗಿವಿಗೂ ಹಾಗೆಯೇ. ಈಗ ಹಾಡು ಹಾಕದೆ ಬಾಯಿ ಮುಚ್ಚಿ ‘ಮ್’ ಎಂದು ಗುನುಗಿರಿ. ಚೆನ್ನಾಗಿ ಮುಚ್ಚಿದ್ದರೆ ನಿಮ್ಮ ದನಿ ಹಂಡೆಯೊಳಗಿನಿಂದ ಬಂದಂತೆ ತಲೆಯ ತುಂಬ ಮೊಳಗುತ್ತದೆ. ಒಂದು ಕಡೆ ಮಾತ್ರ ಮೊಳಗಿದರೆ ಇನ್ನೊಂದು ಕಡೆ ಸೋರುತ್ತಿದೆಯೆಂದೇ ತಿಳಿಯಿರಿ. ಆಮೇಲೆ ತಂಬೂರಿಯನ್ನೋ ಮೃದಂಗವನ್ನೋ ಮೆಲುದನಿಯಲ್ಲಿ ಹಾಕಿ, ಬೆರಳಿನಿಂದ ಇಯರ್‌ಫೋನನ್ನು ಹಗುರಾಗಿ ಒತ್ತಿ ನೋಡಿ. ಒತ್ತಿದಾಗ ಗುಂಕಾರ ಹೆಚ್ಚಿದರೆ ಆ ಕುಲಾವಿ ನಿಮಗೆ ಚಿಕ್ಕದು, ಅಥವಾ ಸರಿಯಾಗಿ ಕೂತಿಲ್ಲ. ಎಲೆಅಡಿಕೆ ಅಗಿಯುವ ಅಭ್ಯಾಸವಿದ್ದರೆ ಬಾಯಾಡಿಸಿಯೂ ನೋಡಬೇಕು.

ದೊಡ್ಡದಾದಷ್ಟೂ ಒಳ್ಳೆಯದೆಂದು ಭಾವಿಸಬಾರದು. ತೀರ ದೊಡ್ಡ ಕುಲಾವಿ ಮಡಿಚಿಕೊಂಡು, ಮಡಿಕೆಯಲ್ಲೇ ಸಂದು ಬಿಡುತ್ತದೆ; ಅರ್ಧ ಗಂಟೆಯಲ್ಲಿ ಕಿವಿ ನೋಯಲೂ ತೊಡಗುತ್ತದೆ. ಎಡಕ್ಕೊಂದು ಬಲಕ್ಕೊಂದು ಅಳತೆ ಹಾಕಿಕೊಳ್ಳಲು ಸಂಕೋಚ ಬೇಡ. ಯಾವ ರಬ್ಬರೂ ಹೊಂದದಿದ್ದರೆ ಸ್ಪಂಜಿನಂಥ ಮೆತ್ತನೆಯ ತುದಿಗಳೂ ದೊರೆಯುತ್ತವೆ. ಬೆರಳಿನಲ್ಲಿ ಹೊಸೆದು ಸಣ್ಣಗೆ ಮಾಡಿ ಕಿವಿಗಿಟ್ಟರೆ ಅವು ಒಳಗೆ ನಿಧಾನವಾಗಿ ಅರಳಿ ಸಂದುಗೊಂದುಗಳನ್ನು ತುಂಬುತ್ತವೆ. ಹೊರಗಿನ ಗದ್ದಲವನ್ನು ಅಡಗಿಸುವ ವಿದ್ಯುತ್ ಕೌಶಲವುಳ್ಳ ದುಬಾರಿ ಯಂತ್ರಕ್ಕೂ ಈ ನಿಯಮ ತಪ್ಪಿದ್ದಲ್ಲ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಅದರ ಕೌಶಲವೂ ಅರ್ಧಕ್ಕೆ ನಿಲ್ಲುತ್ತದೆ. ನಮ್ಮ ಮಲೆನಾಡಿನವರಿಗೆ ಇನ್ನೊಂದು ಮಾತು: ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ಸೀಮೆಯಲ್ಲಿ ಒದ್ದೆಗಿವಿಯನ್ನು ಗಂಟೆಗಟ್ಟಲೆ ಮುಚ್ಚಿಟ್ಟರೆ ಬೂಸ್ಟು ಹಿಡಿಯುವುದಕ್ಕೆ ತಾವೇ ಅವಕಾಶ ಕೊಟ್ಟಂತೆ. ಕಿವಿಯನ್ನೂ ಕುಲಾವಿಯನ್ನೂ ಒರಸಿ ಒಣಗಿಸಿಯೇ ಹಾಕಿಕೊಳ್ಳಬೇಕು. ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳಲಾಗದು.

ಇಷ್ಟೆಲ್ಲ ಹೇಳಿ ನಾದವನ್ನು ಒಳಗೆ ಭದ್ರಪಡಿಸಿದ ಮೇಲೆ, ಅದೇ ಬಾಗಿಲಿನ ಹೊರಮೈಯ ಸಂಗತಿಯನ್ನು ಹೇಳದಿದ್ದರೆ ನಮ್ಮ ಕರ್ತವ್ಯ ಪೂರೈಸಿದಂತಾಗದು. ಒಳಗಿನ ನಾದವನ್ನು ಹೊರಹೋಗಗೊಡದ ಬೆಣೆ, ಹೊರಗಿನ ಸದ್ದನ್ನು ಒಳಬರಗೊಡುವುದಿಲ್ಲ. ಮನೆಯಲ್ಲಿ ಇದು ಸುಖ. ಬಸ್ಸಿನ ಆಸನದಲ್ಲಿ ಇದು ಲಾಭವೂ ಹೌದು, ಏಕೆಂದರೆ ದನಿ ಏರಿಸುವ ಅಗತ್ಯವೇ ಬೀಳುವುದಿಲ್ಲ. ಆದರೆ ಬಸ್ಸಿನಿಂದಿಳಿದು ತೋಟದ ನಡುವಿನ ದಾರಿಯಲ್ಲಿ ಮನೆಗೆ ನಡೆಯುವಾಗ?

ಸಕಲೇಶಪುರ, ಆಲೂರು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಆನೆ ಅಪರೂಪದ ಅತಿಥಿಯಲ್ಲ. ಹಲವು ವರ್ಷಗಳಿಂದ ಅಲ್ಲಿಯೇ ಬೀಡುಬಿಟ್ಟ ಹಿಂಡುಗಳುಂಟು. ಅವುಗಳ ಕಾಲಿಗೆ ಸಿಕ್ಕು ಕೂಲಿಯವರೂ ರೈತರೂ ಪ್ರಾಣ ಕಳೆದುಕೊಂಡಿದ್ದಾರೆ. ಎಂಟು ಸಲ ದಸರಾದ ಅಂಬಾರಿ ಹೊತ್ತ ಅರ್ಜುನನೇ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯೊಂದಿಗೆ ಕಾದಾಡಿ ಮಡಿಯಿತು. ಆನೆ ಯಾವ ಊರಿನ ಬಳಿಯಿದೆಯೆಂದು ಜನರ ಮೊಬೈಲಿಗೆ ಸಂದೇಶ ಬರುವ ಏರ್ಪಾಡನ್ನು ಅರಣ್ಯ ಇಲಾಖೆ ಅಲ್ಲಿ ಮಾಡಿದೆ. ಆದರೆ ಸಂದೇಶ ಊರಿನ ಹೆಸರನ್ನು ಹೇಳೀತೇ ಹೊರತು ಮುಂದಿನ ತಿರುವನ್ನು ಹೇಳದು. ಆ ತಿರುವನ್ನು ಹೇಳಬೇಕಾದುದು ಕಿವಿ.

ಆನೆ ದೊಡ್ಡ ಪ್ರಾಣಿಯಾದರೂ ಅದರ ಹೆಜ್ಜೆ ಮೆತ್ತಗಿನದು. ಅಂಗಾಲು ಮೆತ್ತೆಯಂತಿದ್ದು ಸದ್ದಿಲ್ಲದೆ ನಡೆಯಬಲ್ಲದು. 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದ ಪ್ರಾಣಿಸಂಗ್ರಹಾಲಯದಲ್ಲಿ ಏಷ್ಯದ ಆನೆಗಳ ಬಳಿ ನಿಂತಿದ್ದ ಕೇಟಿ ಪೇನ್ ಎಂಬ ವಿದುಷಿಗೆ ಗಾಳಿಯಲ್ಲಿ ಏನೋ ಮಿಡಿದಂತಾಯಿತು. ಧ್ವನಿಮುದ್ರಿಸಿ ಪರೀಕ್ಷಿಸಿದಾಗ, ಆನೆಗಳು ಸೆಕೆಂಡಿಗೆ 14ರಿಂದ 24 ಕಂಪನಗಳ ತಗ್ಗುದನಿಯಲ್ಲಿ ತಮ್ಮತಮ್ಮೊಳಗೆ ಸಂಭಾಷಿಸುತ್ತವೆಂದು ತಿಳಿದುಬಂದಿತು. ಮನುಷ್ಯನ ಕಿವಿಯ ತಳಮಿತಿ ಸುಮಾರು 20. ಎಂದರೆ ಆನೆಯ ಮಾತಿನ ಬಹುಪಾಲು ತೆರೆದ ಕಿವಿಗೂ ಕೇಳಿಸದು. ನಮಗೆ ದಕ್ಕುವುದು ಉಳಿದ ಚೂರುಪಾರು: ಬೈನೆಮರದ ಗರಿ ಮುರಿದ ಸದ್ದು, ಕಿವಿ ಬೀಸಿದ ಸಪ್ಪಳ, ದೂರದ ಲೈನುಮನೆಯ ನಾಯಿಯ ಬೊಗಳು, ‘ಅಣ್ಣಾ, ಆ ಕಡೆ ಹೋಗಬೇಡ’ ಎಂದು ಬೇಲಿಯಾಚೆಯಿಂದ ಯಾರೋ ಕೂಗಿದ ಕೂಗು. ಚೆನ್ನಾಗಿ ಕೂತ ಇಯರ್‌ಫೋನು ಇವನ್ನೆಲ್ಲ ಅಳಿಸಿಹಾಕುತ್ತದೆ. ಒಂದು ಕಿವಿಗೆ ಮಾತ್ರ ಹಾಕಿಕೊಂಡರಾಯಿತಲ್ಲ ಎಂದು ಹುಡುಗರು ವಾದಿಸುತ್ತಾರೆ. ಸದ್ದು ಯಾವ ದಿಕ್ಕಿನದೆಂದು ತಿಳಿಯಲು ಎರಡು ಕಿವಿಗಳೂ ಬೇಕು; ಆನೆಯಿದೆ ಎಂದು ತಿಳಿದು ಎಲ್ಲಿದೆ ಎಂದು ತಿಳಿಯದಿದ್ದರೆ ಓಡುವುದು ಯಾವ ಕಡೆಗೆ? ಹೊರಗಿನ ಸದ್ದನ್ನು ಒಳಬಿಡುವ ಯಂತ್ರಗಳೂ ಈಗ ಬಂದಿವೆ. ಆದರೆ ಹಾಡು ನಡೆಯುತ್ತಿರುವಷ್ಟು ಕಾಲ ಮೆಲುಸದ್ದು ಹಾಡಿನಡಿ ಮುಳುಗಿಯೇ ಇರುತ್ತದೆ.

ಆದುದರಿಂದ ಮಲೆನಾಡಿನ ತಾಯಂದಿರು ಮಕ್ಕಳಿಗೆ ಹೇಳಬೇಕಾದ ಬುದ್ಧಿಮಾತು ಎರಡು. ಹಾಕಿಕೊಂಡಾಗ ಅಳತೆ ನೋಡಿ, ಸಂದಿಲ್ಲದಂತೆ ಹಾಕಿಕೊ; ದನಿ ತಾನಾಗಿ ತಗ್ಗುತ್ತದೆ, ಕಿವಿ ಉಳಿಯುತ್ತದೆ. ಬಸ್ಸಿನಿಂದ ಕಾಲು ಕೆಳಗಿಟ್ಟೊಡನೆ ಎರಡನ್ನೂ ತೆಗೆದು ಜೇಬಿಗೆ ಹಾಕಿಕೊ. ದೀಪ ಕಾಣುವ ಮನೆಯ ಅಂಗಳದವರೆಗೆ ದಾರಿಯ ಸದ್ದನ್ನೇ ಕೇಳಿಕೊಂಡು ಬಾ.